ಕಾಕಾನ ಚಹಾಪುಡಿ ಡಬ್ಬಿ

ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಕಲ್ಲಿದ್ದಲಿನ ರೇಕುಗಳ, ಅಂದರೆ ಗೂಡ್ಸ್ ರೈಲುಗಳ, ಲೆಕ್ಕ ನೋಡುವುದು ನನ್ನ ಕೆಲಸ. ಹಡಗಿನಲ್ಲಿ ಬಂದ ಕಲ್ಲಿದ್ದಲು ಬಂದರಿನಿಂದ ರೈಲು ಹತ್ತಿ ನಮ್ಮ ಸೈಡಿಂಗಿಗೆ ಬರುತ್ತದೆ. ಅಲ್ಲಿಯ ತೂಕಕ್ಕೂ ಇಲ್ಲಿಯ ತೂಕಕ್ಕೂ ತಾಳೆಯಾಗುವುದೇ ಅಪರೂಪ. ದಾರಿಯಲ್ಲಿ ಯಾರೋ ಇಳಿಸಿಕೊಂಡಿದ್ದಾರೆ ಅನ್ನುವುದು ಆಫೀಸಿನ ಮಾಮೂಲಿ ಮಾತು.

ನನ್ನ ತಮ್ಮ ಮಂಗಳೂರಿನಲ್ಲಿ ಸರಕು ಸರ್ವೇಯರ್. ಮಳೆಗಾಲದಲ್ಲಿ ಊರಿಗೆ ಬಂದಿದ್ದಾಗ ಈ ತೂಕದ ವಿಷಯ ಕೇಳಿದೆ. ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಅಂತ ಮುಂದೆ, ನಡುವೆ, ಹಿಂದೆ, ಎರಡೂ ಬದಿಯ ಅಂಕಿ ಓದಿ, ಎಣ್ಣೆ, ಸಮತೋಲಕ್ಕೆ ತುಂಬಿಕೊಂಡ ಬ್ಯಾಲಸ್ಟ್ ನೀರು ಎಲ್ಲ ಕಳೆದು ಸರಕಿನ ತೂಕ ಹೇಳುತ್ತಾರೆ. ಅದಕ್ಕೆ ಡ್ರಾಫ್ಟ್ ಸರ್ವೆ ಅನ್ನುತ್ತಾರೆ. ಅಲೆ ಜಾಸ್ತಿಯಿದ್ದರೆ ಅಂಕಿ ಓದುವುದೇ ಕಷ್ಟ. ಮೇಲಾಗಿ ಕಲ್ಲಿದ್ದಲು ಬಿಸಿಲಿಗೆ ಆರುತ್ತದೆ, ಮಳೆಗೆ ನೆನೆಯುತ್ತದೆ. "ಎಲ್ಲಾ ಕಳ್ಳರ ಮ್ಯಾಲೆ ಹಾಕಬ್ಯಾಡ ಅಣ್ಣಾ, ಅರ್ಧ ನೀರಿಂದೇ ಆಟ" ಅಂದ.

ಆ ನೀರಿನ ಆಟ ಕಣ್ಣಿಗೆ ಬಿದ್ದದ್ದು ಶಹಾಬಾದಿನಲ್ಲಿ. ನಮ್ಮ ಕಾಕಾ ಅಲ್ಲಿ ಫರಸಿ ಪಾಲಿಶ್ ಮಾಡಿಸುತ್ತಾರೆ. ಮಷೀನಿನ ಪಕ್ಕ ಕಲ್ಲಿನ ರಾಡಿ ಒಣಗಿ ರಾಶಿಯಾಗಿತ್ತು. ತಮ್ಮ ಒಳಗೆ ಕೈಹಾಕಿ ಒಂದು ಹಿಡಿ ತೆಗೆದ. ಮುಷ್ಟಿ ಹಿಡಿದರೆ ಉಂಡೆ ಆಗುತ್ತಿತ್ತು, ಆದರೆ ಕೈ ಒದ್ದೆಯಾಗಲಿಲ್ಲ.

"ಕಾಕಾ, ಒಂದು ಖಾಲಿ ಡಬ್ಬಿ ಕೊಡ್ರಿ."

ಕಾಕಾ ಚಹಾಪುಡಿಯ ತಗಡಿನ ಡಬ್ಬಿ ಕೊಟ್ಟರು. ಅರ್ಧ ತುಂಬಿ, ಒಂದು ಗೇಣು ಮೇಲಿನಿಂದ ಫರಸಿ ಮೇಲೆ ಟಕ್ ಟಕ್ ಅಂತ ಕುಟ್ಟತೊಡಗಿದ. ಲೆಕ್ಕ 25 ಸಲ. ಮೊದಲು ಪುಡಿ ಸುಮ್ನೆ ಕೆಳಗಿಳಿಯಿತು. ಆಮೇಲೆ ಮೇಲ್ಭಾಗ ಮಿಂಚತೊಡಗಿತು. ಕೊನೆಗೆ ಡಬ್ಬಿ ವಾರೆ ಮಾಡಿದರೆ ಒಳಗಿನದು ಅಂಬಲಿಯಂತೆ ಹರಿಯಿತು.

"ಒಣಗ್ಯಾದಲ್ಲೋ! ನೀರು ಎಲ್ಲಿಂದ ಬಂತು?" ಅಂದರು ಕಾಕಾ.

ನೀರು ಅಲ್ಲೇ ಇತ್ತು, ಕಾಳುಗಳ ಸಂದಿಯಲ್ಲಿ. ಹಡಗಿನಲ್ಲೂ ಇದೇ ಆಗುತ್ತದೆ. ಇಂಜಿನ್ ನಡುಕ, ಅಲೆಯ ಹೊಡೆತಕ್ಕೆ ಪುಡಿ ಕುಸಿದು ಸಂದಿ ಸಣ್ಣದಾಗುತ್ತದೆ, ನೀರಿಗೆ ಹೋಗಲು ಜಾಗ ಇರುವುದಿಲ್ಲ. ಸರಕು ದ್ರವದಂತಾಗಿ ಒಂದು ಬದಿಗೆ ಹರಿಯುತ್ತದೆ, ಹಡಗು ವಾಲುತ್ತದೆ. 2009ರ ಜುಲೈನಲ್ಲಿ ಮಂಗಳೂರಿನ ಹತ್ತಿರ ಏಷ್ಯನ್ ಫಾರೆಸ್ಟ್ ಅನ್ನುವ ಹಡಗು ಕಬ್ಬಿಣದ ಅದಿರಿನ ಪುಡಿ ಹೊತ್ತು ಮುಳುಗಿತು. ಪುಣ್ಯಕ್ಕೆ ಸಿಬ್ಬಂದಿ ಉಳಿದರು. 2015ರ ಜನವರಿಯಲ್ಲಿ ಮಲೇಷ್ಯಾದಿಂದ ಬಾಕ್ಸೈಟ್ ತುಂಬಿಕೊಂಡು ಹೊರಟ ಬಲ್ಕ್ ಜ್ಯೂಪಿಟರ್‌ನಲ್ಲಿ 19 ಜನರಲ್ಲಿ ಒಬ್ಬನೇ ಬದುಕಿದ.

ಹೀಗೆ ಚೀಲವಿಲ್ಲದೆ ಸುರಿದು ಸಾಗಿಸುವ ಸರಕಿಗೆ ಐಎಂಎಸ್‌ಬಿಸಿ ಕೋಡ್ ಅನ್ನುವ ಅಂತರರಾಷ್ಟ್ರೀಯ ನಿಯಮ ಇದೆ, 2011ರಿಂದ ಕಡ್ಡಾಯ. ಹೀಗೆ ದ್ರವವಾಗಬಲ್ಲದ್ದು ಎ ಗುಂಪು, ರಾಸಾಯನಿಕ ಅಪಾಯ ಇರುವುದು ಬಿ, ಎರಡೂ ಇಲ್ಲದ್ದು ಸಿ. ಎ ಗುಂಪಿನದಾದರೆ ಎಷ್ಟು ತೇವದವರೆಗೆ ಸಾಗಿಸಬಹುದು, ಈಗ ಎಷ್ಟಿದೆ ಅಂತ ಕಳಿಸುವವನು ಬರೆದುಕೊಡಬೇಕು. ತೇವ ನೋಡಿದ್ದು ಲೋಡಿಂಗ್‌ಗೆ 7 ದಿನದೊಳಗೆ ಇರಬೇಕು. ನಡುವೆ ಜೋರು ಮಳೆ ಬಂದರೆ ಮತ್ತೆ ನೋಡಬೇಕು.

ಹಡಗಿಗೆ ತುಂಬುವಾಗಲೂ ಹೀಗೇ ಡಬ್ಬಿ ಕುಟ್ಟಿ ನೋಡುತ್ತಾರೆ. ನೀರು ಬಂದರೆ ಸರಕು ತಡೆದು ಲ್ಯಾಬಿಗೆ ಕಳಿಸಬೇಕು. ಬಾರದಿದ್ದರೂ ಸರಕು ಸರಿಯಿದೆ ಅಂತ ಅಲ್ಲ! ತಮ್ಮ ಇದನ್ನು ಒತ್ತಿ ಒತ್ತಿ ಹೇಳಿದ. ಎಷ್ಟೋ ಜನ ಇಲ್ಲೇ ಎಡವುತ್ತಾರಂತೆ.

ನಮ್ಮ ಕಲ್ಲಿದ್ದಲು ಇನ್ನೂ ತರಲೆ. ಅದು ಬಿ ಗುಂಪು, ಪುಡಿ ಜಾಸ್ತಿ ಇದ್ದರೆ ಎ ಕೂಡ. ನಮ್ಮ ಯಾರ್ಡಿನ ರಾಶಿಯೇ ಕೆಲವೊಮ್ಮೆ ತಾನಾಗಿ ಬಿಸಿಯೇರಿ ಹೊಗೆಯಾಡುತ್ತದೆ, ಆಗ ಜೆಸಿಬಿ ತರಿಸಿ ಹರಡುತ್ತೇವೆ. ಹಡಗಿನಲ್ಲಿ ಎಲ್ಲಿ ಹರಡುತ್ತಾರೆ? ಅದಕ್ಕೇ 55 ಡಿಗ್ರಿ ದಾಟಿದ ಕಲ್ಲಿದ್ದಲನ್ನು ತುಂಬುವಂತಿಲ್ಲ. ಮುಚ್ಚಿದ ಹೋಲ್ಡಿನಲ್ಲಿ, ಅಂದರೆ ಸರಕು ತುಂಬುವ ಕೋಣೆಯಲ್ಲಿ, ಆಮ್ಲಜನಕ ಕಡಿಮೆಯಾಗಿರುತ್ತದೆ, ಅಳೆಯದೆ ಇಳಿದವರು ಅಲ್ಲೇ ಬೀಳುತ್ತಾರೆ.

"ಹಂಗಾರ ಕ್ಯಾಪ್ಟನ್ ಬ್ಯಾಡ ಅನ್ನಬಹುದೇನು?" ಕಾಕಾ ಕೇಳಿದರು.

ಅನ್ನಬಹುದು, ಆ ಹಕ್ಕು ಅವನಿಗಿದೆ. ಆದರೆ ಹಡಗು ಬಂದರಿನಲ್ಲಿ ಗೊತ್ತಾದ ಸಮಯ ಮೀರಿ ನಿಂತರೆ ಡೆಮರೇಜ್, ಅಂದರೆ ತಡದ ದಂಡ, ಏರುತ್ತದೆ. ಆ ಒತ್ತಡ ಎಂಥದ್ದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ರೇಕು ಖಾಲಿಯಾಗುವುದು ತಡವಾದರೆ ರೈಲ್ವೆಯವರು ನಮಗೂ ಹಾಕುತ್ತಾರೆ. ಮಳೆ ಬಂದರೆ ಹ್ಯಾಚ್, ಅಂದರೆ ಹೋಲ್ಡಿನ ಬಾಯಿ, ಮುಚ್ಚಬೇಕು, ಆದರೆ "ಜಿಟಿಜಿಟಿ ಅಷ್ಟೇ, ನಡೆಸ್ರಿ" ಅನ್ನುವವರು ಎಲ್ಲ ಬಂದರಿನಲ್ಲೂ ಇರುತ್ತಾರಂತೆ. ಲ್ಯಾಬಿಗೆ ಮೇಲ್ಮೈಯ ಒಣಪುಡಿ ಕಳಿಸುವವರೂ ಇದ್ದಾರೆ. ತಮ್ಮ ಮಾತ್ರ ಕೊಟ್ಟ ಸ್ಯಾಂಪಲ್ ತಗೊಳ್ಳುವುದಿಲ್ಲ, ರಾಶಿ ಅಗೆಸಿ ತಾನೇ ತೆಗೆಯುತ್ತಾನೆ. ಏಜೆಂಟರಿಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೇ.