ಉಜನಿಯ ಹಿನ್ನೀರಿನಲ್ಲಿ ಅಪ್ಪನ ಭೀಮೆ

ಅಫಜಲಪುರದಿಂದ ಪುಣೆಗೆ ಬಂದಾಗಲೆಲ್ಲ ಅಪ್ಪ ಮೂರನೆಯ ದಿನಕ್ಕೆ ಬೇಸರಪಡುತ್ತಾರೆ. ಈ ಜನವರಿಯಲ್ಲಿ ಅವರನ್ನು ಸಿಂಹಗಡಕ್ಕೆ ಕರೆದೊಯ್ಯುವ ಬದಲು, ಸೋಲಾಪುರ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್ ದೂರವಿರುವ ಭಿಗವಣದ ಕಡೆಗೆ ಕರೆದುಕೊಂಡು ಹೋದೆ. 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟು ಇರುವುದು ಸೋಲಾಪುರ ಜಿಲ್ಲೆಯಲ್ಲಾದರೂ ಅದರ ಹಿನ್ನೀರು ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನವರೆಗೆ ಹರಡಿಕೊಂಡಿದೆ. ನಸುಕಿನಲ್ಲಿ ಕುಂಭಾರಗಾಂವದ ದಡಕ್ಕೆ ಇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, “ಇದು ನಮ್ಮ ಭೀಮೆನೇ ಹೌದಲ್ಲೋ ತಮ್ಮಾ?”

ಹೌದು. ಭೀಮಾಶಂಕರದಲ್ಲಿ ಹುಟ್ಟಿ, ಇಲ್ಲಿ ನಿಂತು, ಬಿಟ್ಟಾಗ ಮಾತ್ರ ನಮ್ಮೂರಿನ ಕಡೆಗೆ ಹರಿಯುವ ಅದೇ ನದಿ. ದಾರಿಯಲ್ಲಿ ಪುಣೆಯನ್ನು ಹಾದು ಬರುವ ಮುಳಾ-ಮುಠಾ ನದಿಯೂ ಇದನ್ನು ಸೇರುವುದರಿಂದ ನಮ್ಮ ಮನೆಯ ಬಚ್ಚಲ ನೀರಿನ ಪಾಲೂ ಇದರಲ್ಲಿದೆ. ಈ ಮಾತನ್ನು ನಾನು ಅಪ್ಪನಿಗೆ ಹೇಳಲಿಲ್ಲ.

ದೋಣಿಯವನು ಮೀನುಗಾರರ ಮನೆಯ ಹುಡುಗ. ಆಳವಿದ್ದಲ್ಲಿ ಇಂಜಿನ್ನಿನಿಂದ ಸಾಗಿದ ದೋಣಿ, ಹಕ್ಕಿಗಳು ಕಾಣಿಸುತ್ತಿದ್ದಂತೆ ಸದ್ದು ನಿಲ್ಲಿಸಿ ಬಿದಿರಿನ ಗಳದ ಒತ್ತಿಗೆ ಜಾರತೊಡಗಿತು. ನಾಮದ ಕೋಳಿಗಳ ದಂಡೊಂದು ಪಕ್ಕಕ್ಕೆ ಸರಿಯಿತು. ಅದರಾಚೆ, ಮೊಣಕಾಲುದ್ದದ ನೀರಿನಲ್ಲಿ ಇನ್ನೂರಕ್ಕೂ ಹೆಚ್ಚು ರಾಜಹಂಸಗಳು, ಅಂದರೆ ಫ್ಲೆಮಿಂಗೋಗಳು, ನಿಂತಿದ್ದವು. ಅವು ಮೇಯುವ ರೀತಿಯೇ ವಿಚಿತ್ರ: ಕಾಲಿನಿಂದ ಕೆಸರನ್ನು ತುಳಿದು ಕದಡಿ, ತಲೆಯನ್ನು ತಲೆಕೆಳಗಾಗಿ ನೀರಿಗೆ ಇಳಿಸಿ, ಕೊಕ್ಕಿನೊಳಗಿನ ಜರಡಿಯಿಂದ ಪಾಚಿಯನ್ನೂ ಸಣ್ಣ ಹುಳುಗಳನ್ನೂ ಸೋಸಿಕೊಳ್ಳುತ್ತವೆ. ಅವುಗಳ ಗುಲಾಬಿ ಬಣ್ಣವೂ ಆ ಆಹಾರದಿಂದಲೇ ಬರುತ್ತದೆ. ಅಷ್ಟರಲ್ಲಿ ಇನ್ನೊಂದು ದೋಣಿ ಕ್ಯಾಮರಾದವರನ್ನು ಹೊತ್ತು ನೇರವಾಗಿ ಗುಂಪಿನೊಳಗೇ ನುಗ್ಗಿತು. ಕತ್ತುಗಳೆಲ್ಲ ಒಮ್ಮೆಲೇ ಮೇಲೆದ್ದವು, ರೆಕ್ಕೆಗಳ ಕೆಂಪು ಬಿಚ್ಚಿಕೊಂಡಿತು, ನಮ್ಮ ಮುಂದಿನ ನೀರು ಖಾಲಿಯಾಯಿತು. ಹಾರುವ ಚಿತ್ರಕ್ಕಾಗಿ ಮೇಯುವ ಹಕ್ಕಿಯನ್ನು ಎಬ್ಬಿಸುವುದು ನನ್ನ ದೃಷ್ಟಿಯಲ್ಲಿ ಶುದ್ಧ ಉಡಾಳತನ.

ಅಪ್ಪನ ಗಮನವೆಲ್ಲ ಬಲೆಗಳ ಮೇಲಿತ್ತು. ಖಾಲಿ ಪ್ಲಾಸ್ಟಿಕ್ ಬಾಟಲಿಗಳ ಸಾಲು ತೇಲುತ್ತಿದ್ದ ಕಡೆ ಇಬ್ಬರು ಬಲೆ ಎತ್ತುತ್ತಿದ್ದರು. ಬಲೆಯ ಕಣ್ಣಿಗೆ ಕಿವಿರು ಸಿಕ್ಕಿಕೊಂಡ ಅಂಗೈಯಗಲದ ಮೀನುಗಳನ್ನು ಒಂದೊಂದಾಗಿ ಬಿಡಿಸಿ ದೋಣಿಯೊಳಗೆ ಎಸೆಯುತ್ತಿದ್ದರು. ಹುಡುಗ ಅವನ್ನು ‘ಚಿಲಾಪಿ’ ಎಂದ. ನಮ್ಮ ಕಡೆ ಜಿಲೇಬಿ ಎಂದು ಮಾರುವ ಮೀನೇ ಅದು. ಕಾಟ್ಲಾ, ರೋಹು ಮೊದಲಿನಷ್ಟು ಸಿಗುವುದಿಲ್ಲವೆಂದೂ, ತನ್ನ ಅಜ್ಜನ ಹೊಲ ನಮ್ಮ ದೋಣಿಯ ಅಡಿಯಲ್ಲೇ ಎಲ್ಲೋ ಇದೆಯೆಂದೂ ಅವನು ಗಳ ಊರುತ್ತಲೇ ಹೇಳಿದ.

ಅಪ್ಪ ತಮ್ಮ ಗಡಿನಾಡಿನ ಮರಾಠಿಯಲ್ಲಿ, ಕೆಳಗೆ ನೀರು ಬಿಡುವುದು ಯಾವಾಗ ಎಂದು ಅವನನ್ನೇ ವಿಚಾರಿಸಿದರು. ಅವನು ನಕ್ಕ. ಬೇಸಿಗೆಯಲ್ಲಿ ‘ಉಜನಿ ಮೈನಸ್ಸಿಗೆ ಹೋಯಿತು’ ಎಂಬ ಸುದ್ದಿ ಬರುತ್ತದಲ್ಲ, ಅದರ ಲೆಕ್ಕವನ್ನು ನಾನು ವಿವರಿಸಿದೆ. ಒಟ್ಟು ಸುಮಾರು 117 ಟಿಎಂಸಿ ಅಡಿಯಲ್ಲಿ ಬಳಕೆಗೆ ಇಟ್ಟಿರುವುದು 53ರಷ್ಟು. ಉಳಿದ 63 ಚಿಲ್ಲರೆ ತಳದ ಸಂಗ್ರಹ. ಬಳಕೆಯ ನೀರು ಮುಗಿದು ತಳದ ನೀರಿಗೆ ಕೈಹಾಕಿದಾಗ ಲೆಕ್ಕ ಸೊನ್ನೆಯ ಕೆಳಗೆ ಇಳಿಯುತ್ತದೆ. ಅಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ. ನಮ್ಮೂರ ಕಡೆಯ ಸೊನ್ನ ಬ್ಯಾರೇಜಿನ ಕೆಳಗೆ ಬೇಸಿಗೆಯ ಬರಿ ಮರಳನ್ನೂ, 2020ರ ಅಕ್ಟೋಬರಿನಲ್ಲಿ ಹೊಲ ಮುಳುಗಿಸಿದ ಮಹಾಪೂರವನ್ನೂ ಕಂಡವರಿಗೆ ಟಿಎಂಸಿ ಲೆಕ್ಕ ಹೇಗೆ ರುಚಿಸೀತು?

ಹೆದ್ದಾರಿಯ ಬದಿಯ ಖಾನಾವಳಿಯಲ್ಲಿ ಹುರಿದ ಚಿಲಾಪಿ, ಜೋಳದ ಭಾಕರಿ ಬಂದವು. ರೊಟ್ಟಿ ನಮ್ಮದಕ್ಕಿಂತ ದಪ್ಪವಾಯಿತೆಂದು ಆಕ್ಷೇಪಿಸುತ್ತಲೇ ಅಪ್ಪ ಎರಡು ಮುಗಿಸಿದರು. ಕೈತೊಳೆದು ಬಂದವರೇ ಊರಿನಲ್ಲಿರುವ ಕಾಕಾಗೆ ಫೋನ್ ಹಚ್ಚಿದರು.

“ನೀರು ಭಾಳ ಅದ ಇಲ್ಲಿ,” ಎಂದರು. ತುಸು ತಡೆದು, “ಆದ್ರ ನಾ ನೋಡಿದಲ್ಲಿ ಹಕ್ಕಿ ಮೊಣಕಾಲಷ್ಟೇ ಮುಳುಗಿತ್ತು ನೋಡು,” ಎಂದು ಸೇರಿಸಿದರು.