ಸೊನ್ನೆ ನಂಬರಿನ ಜರ್ಸಿ

18 ಜೂನ್ 2024, ಮಂಗಳವಾರ
ಫಿಲಡೆಲ್ಫಿಯಾ

ನಿನ್ನೆ ರಾತ್ರಿ ಎನ್‌ಬಿಎ ಬಾಸ್ಕೆಟ್‌ಬಾಲ್ ಫೈನಲ್ಸ್ ಬಾಸ್ಟನ್ ಗೆದ್ದಿತು, 106-88. ಅವರಿಗೆ ಹದಿನೆಂಟನೇ ಕಪ್, ನಮ್ಮೂರಿಗೆ ಸೂತಕ. ಪುಟ್ಟ ಅರ್ಧ ಆಟಕ್ಕೇ ಎದ್ದು ರೂಮಿನ ಬಾಗಿಲು ಹಾಕಿಕೊಂಡ. ನಾನು ಮಾತ್ರ ಅವರ ಆಟಗಾರ ಟೇಟಮ್ ಕಪ್ ಎತ್ತುವವರೆಗೂ ಕೂತಿದ್ದೆ. 31 ಪಾಯಿಂಟು, 11 ಅಸಿಸ್ಟು. ನಮ್ಮವನಾಗಬೇಕಿದ್ದ ಹುಡುಗ.

ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದೆ ಪುಟ್ಟನ ಮೊದಲ ಮಾತೇ, "ಅಪ್ಪ, ಕೊನೇವರೆಗೂ ನೋಡಿದ್ಯಾ?" ಕಳ್ಳನ್ನ ಹಿಡಿದ ಪೊಲೀಸಿನ ದನಿ. "ನೋಡ್ದೆ ಕಣೋ. ಚೆನ್ನಾಗಿ ಆಡ್ದ." ಆಮೇಲೆ ಕೆಲಸಕ್ಕೆ ಅರ್ಧ ಗಂಟೆ ತಡವಾಗುವಷ್ಟು ಮಾತು.

2017ರಲ್ಲಿ ಇವನಿಗೆ ಹತ್ತು ವರ್ಷ. ಹೊಸ ಹುಡುಗರನ್ನ ತಂಡಗಳು ಸರದಿಯಂತೆ ಆರಿಸಿಕೊಳ್ಳೋ ಡ್ರಾಫ್ಟಿನಲ್ಲಿ ಮೊದಲ ಸರದಿ ಬಾಸ್ಟನ್ನಿನದು, ಮೂರನೆಯದು ನಮ್ಮೂರ ತಂಡ ಸಿಕ್ಸರ್ಸ್‌ದು. ನಮ್ಮವರು ಮೂರನೆಯದರ ಜೊತೆ ಮುಂದಿನ ಒಂದು ಫಸ್ಟ್ ರೌಂಡ್ ಪಿಕ್ಕನ್ನೂ, ಅಂದರೆ ಮೊದಲ ಸುತ್ತಿನಲ್ಲಿ ಆರಿಸೋ ಹಕ್ಕನ್ನೂ, ಕೊಟ್ಟು ಮೊದಲನೆಯದನ್ನು ತಗೊಂಡರು. ಆರಿಸಿದ್ದು ಮಾರ್ಕೆಲ್ ಫುಲ್ಟ್ಸ್‌ನನ್ನ. ಬಾಸ್ಟನ್ನಿನವರು ಎರಡು ಮೆಟ್ಟಿಲು ಕೆಳಗೆ ಇಳಿದು ಟೇಟಮ್‌ನನ್ನ ತಗೊಂಡರು. ಮೊದಲ ಸರದಿಯಲ್ಲೇ ಇದ್ದಿದ್ದರೂ ಇವನನ್ನೇ ಆರಿಸುತ್ತಿದ್ದೆವು ಅಂತ ಆಮೇಲೆ ಅವರೇ ಹೇಳಿಕೊಂಡರು. ಬೇಕಾದ ಸಾಮಾನೂ ಸಿಕ್ಕಿತು, ಮೇಲೊಂದು ಪಿಕ್ಕೂ ಬಂತು. ಹೊಟ್ಟೆ ಉರಿಯೋದು ಅದಕ್ಕೇ.

ಆಗ ನಾನೂ ಕುಣಿದಿದ್ದೆ, ಸುಳ್ಳು ಯಾಕೆ ಹೇಳಲಿ. ಕಾಲೇಜು ಆಟದಲ್ಲಿ ಫುಲ್ಟ್ಸ್‌ಗೆ ಪಂದ್ಯಕ್ಕೆ 23ರ ಮೇಲೆ ಪಾಯಿಂಟು, ದೂರದ ಹೊಡೆತ ನೂರಕ್ಕೆ 41. ಪುಟ್ಟನಿಗೆ ಅವನ 20ನೇ ನಂಬರಿನ ಜರ್ಸಿ ತಂದೆ, ಬೆಳೆಯೋ ಹುಡುಗ ಅಂತ ಎರಡು ಸೈಜು ದೊಡ್ಡದು. ಅದು ಇವನ ಮೈಗೆ ಸರಿಹೋಗುವ ಹೊತ್ತಿಗೆ ಫುಲ್ಟ್ಸ್ ಆರ್ಲ್ಯಾಂಡೊ ಸೇರಿದ್ದ. ಈಗ ಗರಾಜಿನಲ್ಲಿ ಕಾರು ಒರೆಸೋದು ಅದರಲ್ಲೇ.

ಆ ಹುಡುಗ ಫ್ರೀ ಥ್ರೋ ಹಾಕುತ್ತಿದ್ದದ್ದು ಈಗಲೂ ಕಣ್ಣಲ್ಲಿದೆ. ಚೆಂಡು ಹಣೆವರೆಗೂ ಬರೋದು, ಅಲ್ಲಿ ಯಾರೋ ಮೊಣಕೈ ಹಿಡಿದುಕೊಂಡ ಹಾಗೆ ನಿಲ್ಲೋದು, ಆಮೇಲೆ ಹೊರಡೋದು. ಜನ ನಕ್ಕರು. ಭುಜದ ಹತ್ತಿರ ನರ ಒತ್ತುವ ತೊಂದರೆ ಅಂತ ಗೊತ್ತಾಗಿದ್ದು 2018ರ ಡಿಸೆಂಬರಿನಲ್ಲಿ. ಎರಡು ಸೀಸನ್ ಸೇರಿ ನಮ್ಮ ಪರ ಆಡಿದ್ದು ಬರೀ 33 ಪಂದ್ಯ. ನಕ್ಕವರಲ್ಲಿ ನಾನೂ ಇದ್ದೆ. ಅದನ್ನ ನೆನೆಸಿಕೊಂಡರೆ ಇವತ್ತಿಗೂ ಮುಜುಗರ.

ನನಗೆ ನೆನಪಾಗಿದ್ದು ತಾತ. ಘಾಟಿ ಜಾತ್ರೆಯಲ್ಲಿ ತನ್ನ ಜೊತೆ ಎತ್ತು ಕೊಟ್ಟು, ಮೇಲೆ ದುಡ್ಡೂ ಕೊಟ್ಟು, ಒಳ್ಳೇ ಹಳ್ಳಿಕಾರ್ ಜೊತೆ ತಂದಿದ್ದನಂತೆ. ಹಲ್ಲು ನೋಡಿದ, ಸುಳಿ ನೋಡಿದ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡಿದ. ಬಿತ್ತನೆ ಮುಗಿಯೋದರೊಳಗೆ ಒಂದು ಕುಂಟಿತು. "ಮಾರೋನು ಯಾಕೆ ಮಾರ್ತಿದಾನೆ ಅಂತ ನಾನು ಕೇಳ್ಲಿಲ್ಲ" ಅಂತ ಸಾಯೋವರೆಗೂ ಅಂತಿದ್ದ. ಪುಟ್ಟನಿಗೆ ಹೇಳೋಕೆ ಬಾಯಿ ತೆಗೆದೆ.

"ಅಪ್ಪ, ಪ್ಲೀಸ್, ಮತ್ತೆ ಎತ್ತು ಬೇಡ."

ಆದರೂ ಹೇಳಿದೆ. ಮೊದಲ ಪಿಕ್ ಕೈಯಲ್ಲಿಟ್ಟುಕೊಂಡವನು ತಾನಾಗಿ ಇಳೀತೀನಿ ಅಂದ್ರೆ ಅನುಮಾನ ಬರಬೇಕಿತ್ತು ಅಂದೆ.

ಪುಟ್ಟ ಚಮಚ ಕೆಳಗಿಟ್ಟ. "ಹಾಗಾದ್ರೆ ನಿನ್ನೆ ಸೋತ ಟೀಮು?" ಡಲ್ಲಾಸ್. 2018ರಲ್ಲಿ ಅಟ್ಲಾಂಟಾಗೆ ಐದನೇ ಪಿಕ್ಕಿನ ಮೇಲೆ ಇನ್ನೊಂದು ಪಿಕ್ ಕೊಟ್ಟು ಮೂರಕ್ಕೆ ಏರಿ ಲೂಕಾ ಡಾನ್ಚಿಚ್‌ನನ್ನ ತಂದವರು. "ಅಟ್ಲಾಂಟಾದವ್ರೂ ತಾವಾಗೇ ಕೊಟ್ರಲ್ಲ. ಕೊಟ್ಟವರು ದಡ್ಡರಾ, ಜಾಣರಾ?"

ಆ ಐದನೇ ಪಿಕ್ಕಿನಲ್ಲಿ ಅಟ್ಲಾಂಟಾಗೆ ಸಿಕ್ಕ ಟ್ರೇ ಯಂಗ್ ಅಲ್ಲಿ ಏನೂ ಕಮ್ಮಿ ಆಡಲಿಲ್ಲ. ಆದರೆ ಲೂಕಾಗೆ ಸಮ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಲೂಕಾ ಹತ್ತೊಂಬತ್ತಕ್ಕೇ ಯುರೋಪಿನಲ್ಲಿ ದೊಡ್ಡವರ ಜೊತೆ ಆಡಿ ಗೆದ್ದಿದ್ದ, ಅವನನ್ನ ನೋಡಿ ತಗೊಂಡರು ಅಂದೆ. "ಫುಲ್ಟ್ಸ್‌ನ ನೋಡದೆ ತಗೊಂಡ್ರಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಲೋಟ ತೊಳೆಯೋಕೆ ಎದ್ದೆ.

ಇನ್ನೊಂದು ಇದೆ, ಅದು ನನ್ನ ಲೆಕ್ಕ ಪೂರ್ತಿ ಕೆಡಿಸುತ್ತೆ. ಫುಲ್ಟ್ಸ್‌ನನ್ನ ಆರ್ಲ್ಯಾಂಡೊಗೆ ಕೊಟ್ಟಾಗ ಬಂದ ಪಿಕ್ಕುಗಳಲ್ಲಿ ಒಂದು 2020ರಲ್ಲಿ 21ನೆಯದಾಯಿತು. ಅದರಲ್ಲಿ ಬಂದವನು ಟೈರೀಸ್ ಮ್ಯಾಕ್ಸಿ. ಈ ವರ್ಷ ಎಲ್ಲರಿಗಿಂತ ಹೆಚ್ಚು ಸುಧಾರಿಸಿದವನು ಅಂತ ಪ್ರಶಸ್ತಿ ತಗೊಂಡವನು, ಇವತ್ತು ಪುಟ್ಟನ ಬೆನ್ನ ಮೇಲೆ ಹೆಸರಿರೋನು. ಹಾಗಾದರೆ ಖಾತೆ ಯಾವತ್ತು ಮುಚ್ಚಬೇಕು? 2019ರಲ್ಲಿ ಮುಚ್ಚಿದರೆ ನಾವು ದಿವಾಳಿ. ಇವತ್ತು ಮುಚ್ಚಿದರೆ ನಷ್ಟವೇ, ಆದರೆ ಮನೆ ಮಾರೋವಷ್ಟಲ್ಲ. ಟೇಟಮ್‌ದೂ ಮ್ಯಾಕ್ಸಿದೂ ಸೊನ್ನೆ ನಂಬರೇ. ಇವಳು ಬಟ್ಟೆ ಮಡಿಸುತ್ತಾ ಅದನ್ನ ಕೇಳಿ, "ಅಂದ್ರೆ ಸೊನ್ನೆಗೆ ಸೊನ್ನೆ, ಸರಿಹೋಯ್ತಲ್ಲ" ಅಂದಳು. ಪುಟ್ಟ ನಗಲಿಲ್ಲ.

ಆಫೀಸು ಹೇಗೋ ಮುಗೀತು.

ಸಂಜೆ ಮತ್ತೆ ಬಂದ. ಮುಂದಿನ ವಾರ ಡ್ರಾಫ್ಟ್. ನಮ್ಮದು 16ನೇ ಸರದಿ. ಅದನ್ನೂ ಮುಂದಿನದೊಂದನ್ನೂ ಕೊಟ್ಟು ಮೇಲಕ್ಕೆ ಹೋಗಬೇಕಂತೆ. ಬೆಳಿಗ್ಗೆ ಅಷ್ಟು ವಾದ ಮಾಡಿದ ಹುಡುಗನೇ! ಅದೂ ಈ ಸಲ ಯಾರು ಮೊದಲು ಹೋಗ್ತಾರೆ ಅಂತ ಪಂಡಿತರಿಗೇ ಖಾತ್ರಿ ಇಲ್ಲ.

ಯಾರಿಗೋಸ್ಕರ ಅಂದೆ. ಒಂದು ಹೆಸರು ಹೇಳಿದ, ನಾನು ಕೇಳಿದ ಹೆಸರಲ್ಲ. ಊಟ ಆದ ಮೇಲೆ ಫೋನಿನಲ್ಲಿ ವಿಡಿಯೋ ತೋರಿಸಿದ, ಇಬ್ಬರೂ ಮೂರು ಸಲ ನೋಡಿದೆವು. ಹುಡುಗ ಚೆನ್ನಾಗೇ ಆಡ್ತಾನೆ. ಎಡಗಡೆ ನುಗ್ಗೋದು ನೋಡಬೇಕು. ಹೊಡೆಯೋವಾಗ ಮೊಣಕೈ ಮಾತ್ರ ಸ್ವಲ್ಪ