ಮ್ಯಾಡನ್ ಬಿಟ್ಟರೆ ಬೇರೆ ಗೇಮೇ ಇಲ್ವಾ?

ಮನೆಗೆ ಬಂದವರ ಕಣ್ಣು ಟಿವಿ ಕೆಳಗಿನ ಕಪಾಟಿನ ಮೇಲೆ ಬೀಳುತ್ತದೆ. ಅಲ್ಲಿ ಇಎ ಕಂಪನಿಯ ಮ್ಯಾಡನ್, ಅಂದರೆ ಅಮೆರಿಕನ್ ಫುಟ್‌ಬಾಲಿನ ವಿಡಿಯೋ ಗೇಮಿನ ಡಿಸ್ಕುಗಳು ಸಾಲಾಗಿ ನಿಂತಿವೆ. ಒಂದಕ್ಕೂ ಇನ್ನೊಂದಕ್ಕೂ ಇಸವಿ ಬಿಟ್ಟರೆ ಜಾಸ್ತಿ ವ್ಯತ್ಯಾಸವಿಲ್ಲ. ಪ್ರತಿ ವರ್ಷ ತರುತ್ತೇನೆ, ಪ್ರತಿ ವರ್ಷ ಬೈಯುತ್ತೇನೆ. ಹೋದ ಸಲ ಊರಿಂದ ಅಮೆರಿಕಕ್ಕೆ ಬಂದಿದ್ದ ಭಾಮೈದ ಕೂಡ ಎಲ್ಲರೂ ಕೇಳುವುದನ್ನೇ ಕೇಳಿದ. "ಅಲ್ಲ ಭಾವ, ಇಷ್ಟೊಂದು ದುಡ್ಡಿರೋ ಆಟಕ್ಕೆ ಇದೊಂದೇ ಗೇಮಾ? ಬೇರೆ ಕಂಪನಿಯವರಿಗೆ ಮಾಡೋಕೆ ಬರಲ್ವಾ?"

ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಆ ಕಥೆ ಹೇಳೋಕೆ ಮೊದಲು ಲೈಸೆನ್ಸ್ ಅಂದರೆ ಏನು ಅಂತ ಹೇಳಬೇಕು. ನಮ್ಮವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಇದೇ ಇಎ ಕಂಪನಿಯ ಕ್ರಿಕೆಟ್ 07 ನೆನಪಿದೆಯಾ? ಆಸ್ಟ್ರೇಲಿಯಾ, ಇಂಗ್ಲೆಂಡ್ ಆಟಗಾರರ ಹೆಸರು ಸರಿಯಾಗಿದ್ದವು. ನಮ್ಮವರದು ತಿರುಚಿದ ಹೆಸರುಗಳು. ದ್ರಾವಿಡ್ ಇಲ್ಲದ ಭಾರತ ತಂಡದಲ್ಲಿ ಏನು ಆಡೋದು ಅಂತ ನಾವೆಲ್ಲ ಹೆಸರು ಸರಿಪಡಿಸುವ ಪ್ಯಾಚ್ ಹುಡುಕಿ ಹಾಕಿಕೊಳ್ಳುತ್ತಿದ್ದೆವು. ಲೈಸೆನ್ಸ್ ಇಲ್ಲದಿದ್ದರೆ ಹಾಗೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡಗಳ ಹೆಸರು, ಲೋಗೊ ಬೇಕಾದರೆ ಎನ್‌ಎಫ್‌ಎಲ್ ಎಂಬ ಲೀಗಿನ ಒಪ್ಪಿಗೆ ಬೇಕು. ಆಟಗಾರರ ಹೆಸರು ಬೇಕಾದರೆ ಅವರ ಸಂಘದ ಒಪ್ಪಿಗೆ ಬೇರೆ. ಇವೆರಡರ ಜೊತೆ ಮೂರನೆಯದೊಂದಿದೆ, ಟಿವಿ ಚಾನೆಲ್ಲಿನ ಹೆಸರು. ಅದು ಇಲ್ಲದಿದ್ದರೂ ಗೇಮ್ ಮಾಡಬಹುದು. ಆದರೆ ಹೆಚ್ಚಿನ ಅಭಿಮಾನಿಗಳಿಗೆ ಈ ಆಟ ಗೊತ್ತಿರುವುದೇ ಟಿವಿಯಿಂದ. ಮೂಲೆಯಲ್ಲಿ ಸ್ಕೋರಿನ ಪಟ್ಟಿ, ಜಾಹೀರಾತಿಗೆ ಮುಂಚಿನ ಮ್ಯೂಸಿಕ್, ಕಾಮೆಂಟರಿಯವರ ಗಂಟಲು. ಇದೆಲ್ಲ ಇದ್ದರೇನೇ ಮ್ಯಾಚ್ ಅನ್ನಿಸೋದು.

ಹಾಗಾಗಿ ಗೇಮ್ ಕಂಪನಿಗಳು ಇಎಸ್‌ಪಿಎನ್ ಬಾಗಿಲು ತಟ್ಟಿದವು. 1994ರಲ್ಲಿ ಸೋನಿ ಆ ಚಾನೆಲ್ಲಿನ ಹೆಸರಲ್ಲಿ ಎನ್‌ಎಫ್‌ಎಲ್ ಗೇಮ್ ತಂದಿತು. ಆಮೇಲೆ ಕೊನಾಮಿ ತಂದಿತು. ಅದಾದ ಮೇಲೆ ಸೆಗಾ. ಒಂದೇ ಲೋಗೊ ಮದುವೆ ಮನೆ ಜಮಖಾನದ ಹಾಗೆ ಮನೆ ಮನೆ ತಿರುಗಿತು.

ಇಎಗೆ ಅದರ ತಲೆಬಿಸಿ ಇರಲಿಲ್ಲ. ಅವರ ಹತ್ತಿರ ಜಾನ್ ಮ್ಯಾಡನ್ ಅವರೇ ಇದ್ದರು. ಓಕ್ಲೆಂಡ್ ರೈಡರ್ಸ್ ತಂಡದ ಕೋಚ್ ಆಗಿ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದವರು, ಆಮೇಲೆ ಟಿವಿ ಕಾಮೆಂಟರಿಗೆ ಬಂದವರು. ಸಿಬಿಎಸ್, ಫಾಕ್ಸ್, ಎಬಿಸಿ, ಎನ್‌ಬಿಸಿ, ನಾಲ್ಕೂ ಚಾನೆಲ್ ಸುತ್ತಿದ ಮನುಷ್ಯ. ಅವರೇ ಒಂದು ಚಾನೆಲ್ ಅನ್ನಿ. ಆ ಕಾಲದ ಕಂಪ್ಯೂಟರಿಗೆ ಭಾರ ಆಗುತ್ತದೆ, ಆರೇಳು ಜನರ ತಂಡ ಸಾಕು ಅಂದಾಗ ಮ್ಯಾಡನ್ ಒಪ್ಪಲಿಲ್ಲ. ಹನ್ನೊಂದು ಜನ ಇಲ್ಲದಿದ್ದರೆ ಅದು ಫುಟ್‌ಬಾಲೇ ಅಲ್ಲ ಅಂತ ಹಠ ಹಿಡಿದರು. ಅದರಿಂದಲೂ ತಡವಾಗಿ ಮೊದಲ ಗೇಮ್ ಬಂದಿದ್ದು 1988ರಲ್ಲಿ, ಆಪಲ್ 2ಕ್ಕೆ.

ಇಲ್ಲೊಂದು ತಮಾಷೆ ಹೇಳಬೇಕು. 90ರ ಸುಮಾರಿಗೆ ಸೆಗಾ ತನ್ನ ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆಗೆ) ಸ್ಟಾರ್ ಆಟಗಾರ ಜೋ ಮೊಂಟಾನಾ ಹೆಸರಲ್ಲಿ ಗೇಮ್ ತರಲು ಹೊರಟು, ಸಮಯಕ್ಕೆ ಮುಗಿಸಲಾಗದೆ ಒದ್ದಾಡುತ್ತಿತ್ತು. ಕೊನೆಗೆ ಅದನ್ನು ಮಾಡಿಸಿಕೊಟ್ಟದ್ದು ಎದುರಾಳಿ ಇಎ! ತನ್ನ ಮ್ಯಾಡನ್‌ಗಿಂತ ಒಂದು ಕೈ ಕಮ್ಮಿ ಇರುವ ಹಾಗೆ ನೋಡಿಕೊಂಡೇ ಮಾಡಿಸಿತು. ಎದುರಾಳಿಗೆ ಊಟ ಬಡಿಸುವಾಗ ಉಪ್ಪು ಮರೆತ ಹಾಗೆ.

ಸೆಗಾ ಅದನ್ನು ಮರೆಯಲಿಲ್ಲ ಅಂತ ಕಾಣುತ್ತದೆ. 1999ರಲ್ಲಿ ಅಮೆರಿಕಕ್ಕೆ ಡ್ರೀಮ್‌ಕಾಸ್ಟ್ ಎಂಬ ಕನ್ಸೋಲ್ ತಂದಾಗ ಇಎ ಅದಕ್ಕೆ ಗೇಮ್ ಮಾಡುವುದಿಲ್ಲ ಅಂದಿತು. ಸರಿ, ನಾವೇ ಮಾಡ್ತೀವಿ ಅಂತ ಸೆಗಾ ತನ್ನ ವಿಷುವಲ್ ಕಾನ್ಸೆಪ್ಟ್ಸ್ ಸ್ಟುಡಿಯೋದಿಂದ ಎನ್‌ಎಫ್‌ಎಲ್ 2ಕೆ ಮಾಡಿಸಿತು. ಕನ್ಸೋಲ್ ಎರಡೇ ವರ್ಷಕ್ಕೆ ಮುಳುಗಿತು, ಗೇಮ್ ಮಾತ್ರ ಈಜಿಕೊಂಡು ಪ್ಲೇಸ್ಟೇಷನ್ 2, ಎಕ್ಸ್‌ಬಾಕ್ಸ್ ದಡ ಸೇರಿತು.

2004ರ ಜುಲೈನಲ್ಲಿ ಬಂತು ಅದೇ ಸರಣಿಯ ಇಎಸ್‌ಪಿಎನ್ ಎನ್‌ಎಫ್‌ಎಲ್ 2ಕೆ5. ನನ್ನ ಪಾಲಿಗೆ ಇವತ್ತಿಗೂ ಅದೇ ಗೇಮ್. ಅರ್ಧ ಆಟ ಮುಗಿದ ತಕ್ಷಣ ಇಎಸ್‌ಪಿಎನ್ನಿನ ಕ್ರಿಸ್ ಬರ್ಮನ್ ಬರುತ್ತಾರೆ. ನೀವು ಈಗಷ್ಟೇ ಆಡಿದ ಆಟದ ತುಣುಕುಗಳನ್ನು ತೋರಿಸಿ, ಟಿವಿಯಲ್ಲಿ ಕೂಗುವ ಹಾಗೆಯೇ ಕೂಗಿ ಹೇಳುತ್ತಾರೆ. ನೀವು ಕೈಬಿಟ್ಟ ಚೆಂಡು ರಾಷ್ಟ್ರೀಯ ಸುದ್ದಿ! ಇಷ್ಟಕ್ಕೆಲ್ಲ ಬೆಲೆ 19.99 ಡಾಲರ್. ಪಕ್ಕದಲ್ಲೇ ಮ್ಯಾಡನ್ 49.95. ಆದರೂ ಜಾಸ್ತಿ ಮಾರಾಟವಾದದ್ದು ಮ್ಯಾಡನ್ನೇ. ಹಾಗಂತ ಇಎ ಸುಮ್ನೆ ಕೂರಲಿಲ್ಲ. ಅದೇ ವರ್ಷ ಬೆಲೆಯನ್ನು 29.95ಕ್ಕೆ ಇಳಿಸಿತು. ಗಿರಾಕಿಗಳಿಗೆ ಹಬ್ಬ.

ಹಬ್ಬ ಡಿಸೆಂಬರಿನಲ್ಲಿ ಮುಗಿಯಿತು. ಎನ್‌ಎಫ್‌ಎಲ್ ಮತ್ತು ಆಟಗಾರರ ಸಂಘ, ಇಬ್ಬರ ಲೈಸೆನ್ಸನ್ನೂ ಇಎ ತನಗೊಬ್ಬನಿಗೇ ಅಂತ 5 ವರ್ಷಕ್ಕೆ ಬರೆಸಿಕೊಂಡಿತು. 2005ರ ಜನವರಿಯಲ್ಲಿ ಇಎಸ್‌ಪಿಎನ್ ಜೊತೆ 15 ವರ್ಷದ ಒಪ್ಪಂದ. ಸೆಗಾ ಆ ಸ್ಟುಡಿಯೋವನ್ನು ಟೇಕ್-ಟೂ ಕಂಪನಿಗೆ 2.4 ಕೋಟಿ ಡಾಲರಿಗೆ ಮಾರಿ ಕೈ ತೊಳೆದುಕೊಂಡಿತು.

ಮೊದಲ ಒಪ್ಪಂದದ ಬಗ್ಗೆ ನನಗೆ ಅಷ್ಟೇನೂ ಕೋಪವಿಲ್ಲ. ಮಾರಲು ಕೂತದ್ದು ಲೀಗ್, ಹರಾಜು ಕೂಗಿದ ಮೇಲೆ ಯಾರೋ ಒಬ್ಬರು ತಗೊಳ್ಳಲೇಬೇಕು. ಕೋಪ ಇರುವುದು ಎರಡನೆಯದರ ಮೇಲೆ. ಎದುರಾಳಿಯ ಗೇಮಿಗೆ ಜೀವ ತುಂಬಿದ್ದ ಆ ಟಿವಿ ಕಳೆಯನ್ನು ಕೊಂಡುಕೊಂಡರು ಸರಿ. ಮ್ಯಾಡನ್‌ನಲ್ಲಿ ಅದನ್ನು ಬಳಸಿದ್ದು ಎಲ್ಲಿ? ಕೆಳಗೆ ಓಡುವ ಸುದ್ದಿಪಟ್ಟಿ, ಒಂದಿಷ್ಟು ರೇಡಿಯೋ ಹರಟೆ. ಬರ್ಮನ್ ಕೂಗಿದಂಥ ಅರ್ಧಾಟ ನನಗಂತೂ ಮತ್ತೆ ಸಿಗಲಿಲ್ಲ. ಪಕ್ಕದ ಮನೆಯವರು ಉಡದಿರಲಿ ಅಂತ ಸೀರೆ ಕೊಂಡು ಬೀರುವಿನಲ್ಲಿ ಇಟ್ಟ ಹಾಗಾಯಿತು.

ಟೇಕ್-ಟೂ ಪಾಪ ಅನ್ನಬೇಡಿ. ಅದೇ ಜನವರಿಯಲ್ಲಿ ಅವರು ಬೇಸ್‌ಬಾಲ್ ಲೀಗಿನ ಹತ್ತಿರ ಹೋಗಿ, ಕನ್ಸೋಲ್ ಕಂಪನಿಗಳನ್ನು ಬಿಟ್ಟು ಮತ್ಯಾರಿಗೂ ಲೈಸೆನ್ಸ್ ಕೊಡದಂತೆ ಬರೆಸಿಕೊಂಡರು. ಇಎಯ ಒಳ್ಳೆಯ ಬೇಸ್‌ಬಾಲ್ ಗೇಮ್ ಅದಕ್ಕೆ ಬಲಿಯಾಯಿತು. ಇಬ್ಬರೂ ಒಂದೇ ಗರಡಿಯವರು.

2007ರಲ್ಲಿ ಟೇಕ್-ಟೂನವರು ನಿವೃತ್ತ ಆಟಗಾರರನ್ನು ಸೇರಿಸಿ, ಎನ್‌ಎಫ್‌ಎಲ್ ತಂಡಗಳಿಲ್ಲದ ಗೇಮೊಂದನ್ನು ತಂದರು. ಆಟ ಚೆನ್ನಾಗಿತ್ತು. ಆದರೆ ಕ್ರಿಕೆಟ್ 07ರ ಭಾರತ ತಂಡದ ಕಥೆಯೇ, ಮುಂದಿನ ಕಂತು ಬರಲಿಲ್ಲ. 2008ರಲ್ಲಿ ಗಿರಾಕಿಗಳು ಕೋರ್ಟಿಗೂ ಹೋದರು, ಒಬ್ಬರೇ ಇರುವುದರಿಂದ ಬೆಲೆ ಏರಿಸಿದ್ದಾರೆ ಅಂತ. 2012ರಲ್ಲಿ ಇಎ 2.7 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಕಾಲೇಜು ಫುಟ್‌ಬಾಲ್ ಲೈಸೆನ್ಸನ್ನು ಕೆಲವು ವರ್ಷ ತನಗೊಬ್ಬನಿಗೇ ಅಂತ ಬರೆಸಿಕೊಳ್ಳುವುದಿಲ್ಲ ಎಂದೂ ಒಪ್ಪಿತು. ಎನ್‌ಎಫ್‌ಎಲ್ ಒಪ್ಪಂದದ ಒಂದು ಕೂದಲೂ ಕೊಂಕಲಿಲ್ಲ. 2020ರಲ್ಲಿ ಟೇಕ್-ಟೂನ 2ಕೆಯವರನ್ನು ಲೀಗ್ ಮತ್ತೆ ಒಳಗೆ ಕರೆಯಿತು. ಆದರೆ ಮ್ಯಾಡನ್ ತರದ ನೈಜ ಆಟ ಮಾತ್ರ ಮಾಡುವ ಹಾಗಿಲ್ಲ. ಊಟಕ್ಕೆ ಕರೆದು ಅನ್ನ ಬಿಟ್ಟು ಏನು ಬೇಕಾದರೂ ತಿನ್ನಿ ಅಂದ ಹಾಗಲ್ವಾ?

ಭಾಮೈದನಿಗೆ ಇಷ್ಟೆಲ್ಲ ಕೇಳುವ ತಾಳ್ಮೆ ಇರಲಿಲ್ಲ. ಅದಕ್ಕೆ ಮೇಲಿನ ಅಟ್ಟದಿಂದ ಹಳೇ ಪ್ಲೇಸ್ಟೇಷನ್ 2 ಇಳಿಸಿ, ಧೂಳು ಒರೆಸಿ, 2ಕೆ5 ಡಿಸ್ಕ್ ಹಾಕಿಕೊಟ್ಟೆ. ನಾನು ಕಾಫಿ ಮಾಡಲು ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಹಾಲ್‌ನಿಂದ ಬರ್ಮನ್ ದನಿ ಕೇಳಿಸಿತು. ಅದರ ಹಿಂದೆಯೇ ಇವನ ದನಿ. "ಭಾವ, ಬೇಗ ಬನ್ನಿ. ಏನೋ ಒತ್ತಿಬಿಟ್ಟೆ, ಟಿವಿ ಚಾನೆಲ್ ಬಂದ್ಬಿಡ್ತು!"